ಉದ್ದ ಲೆನ್ಸಿನ ಮುಂದೊಂದು ಗಾಜು: ತೀರದ ಫಿಲ್ಟರ್ ತಕರಾರು

ಮೈಸೂರಿನ ಕುಂಬಾರಕೊಪ್ಪಲಿಗೆ ಹತ್ತಿರದ ಹೆಬ್ಬಾಳ ಕೆರೆಯಾಗಲಿ, ಊರಿನ ಇನ್ನೊಂದು ಮಗ್ಗುಲಿನ ಕುಕ್ಕರಹಳ್ಳಿ ಕೆರೆಯಾಗಲಿ, ಕ್ಯಾಮೆರಾ ಹೊತ್ತ ನಾಲ್ಕು ಜನ ಒಂದೆಡೆ ಸೇರಿದರೆ ಮೊದಲ ಮಾತು ಹಕ್ಕಿಯದು, ಎರಡನೆಯದು ಲೆನ್ಸಿನದು, ಮೂರನೆಯದು ಬಹುಪಾಲು ಫಿಲ್ಟರಿನದು. ‘ಮೊದಲು ಆ ಗಾಜು ಬಿಚ್ಚಿಡಿ ಸಾರ್, ಆಮೇಲೆ ಶಾರ್ಪ್ ಬರಲಿಲ್ಲ ಅನ್ನಿ’ ಎನ್ನುವವರು ಒಬ್ಬರು. ‘ಇಷ್ಟು ದುಡ್ಡಿನ ಲೆನ್ಸನ್ನ ಬೋಳುಮುಖದಲ್ಲಿ ತಿರುಗಿಸ್ತೀರಲ್ಲ, ಗಟ್ಟಿ ಗುಂಡಿಗೆ ನಿಮ್ಮದು’ ಎನ್ನುವವರು ಇನ್ನೊಬ್ಬರು. ಇಬ್ಬರೂ ವರ್ಷಗಟ್ಟಲೆ ಚಿತ್ರ ತೆಗೆದವರೇ. ತಮ್ಮ ಮಾತಿಗೆ ಪುರಾವೆಯಾಗಿ ಇಬ್ಬರೂ ತಮ್ಮದೇ ಚಿತ್ರ ತೋರಿಸಬಲ್ಲರು.

ಮೈಸೂರಿನಲ್ಲಿ ಈ ತಕರಾರಿಗೆ ತುಸು ಹೆಚ್ಚೇ ಜೀವ ಇದೆ. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಯದ ಮೇರೆಗೆ 1940ರಲ್ಲಿ ಪಕ್ಷಿಧಾಮವಾಗಿ, 2022ರಲ್ಲಿ ರಾಮ್ಸಾರ್ ತಾಣವಾದ ರಂಗನತಿಟ್ಟು ಅರ್ಧ ಗಂಟೆಯ ದಾರಿ. ನಾಗರಹೊಳೆ, ಬಂಡೀಪುರ, ಕಬಿನಿ ಹಿನ್ನೀರು ಬೆಳಿಗ್ಗೆ ಹೊರಟರೆ ಸಫಾರಿ ವೇಳೆಗೆ ಸಿಗುತ್ತವೆ. ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ-ಸೇನಾನಿ ಜೋಡಿಯ ಊರಿದು. 150-600, 200-500, 200-600 ಎಂಬ ಉದ್ದ ಜೂಮುಗಳು ಬಂದ ಮೇಲಂತೂ ಟೆಲಿ ಲೆನ್ಸು ಸಾಹುಕಾರರ ಸೊತ್ತಾಗಿ ಉಳಿದಿಲ್ಲ. ಈ ಜೂಮುಗಳಲ್ಲಿ ಬಹಳಷ್ಟಕ್ಕೆ 95 ಮಿ.ಮೀ. ಫಿಲ್ಟರ್ ಕೂರುತ್ತದೆ. ಕೂರುತ್ತದೆ ಎಂಬ ಕಾರಣಕ್ಕೇ ಅಂಗಡಿಯವರು ಕೂರಿಸಿಯೂ ಕೊಡುತ್ತಾರೆ.

ಹಳದಿ ಗಾಜಿನಿಂದ ಯುವಿವರೆಗೆ

ಫಿಲ್ಟರ್ ಹುಟ್ಟಿದ್ದು ಲೆನ್ಸನ್ನು ಕಾಯಲಿಕ್ಕಲ್ಲ, ಫಿಲ್ಮಿನ ಕುರುಡು ತಿದ್ದಲಿಕ್ಕೆ. ಮೊದಮೊದಲ ಪ್ಲೇಟುಗಳಿಗೆ ನೀಲಿ ಬೆಳಕು ಬೇಗ ತಾಗುತ್ತಿತ್ತು, ಕೆಂಪು ತಾಗುತ್ತಲೇ ಇರಲಿಲ್ಲ. ಆಕಾಶ ಬೆಳ್ಳಗೆ ಬಂದು ಮೋಡ ಅದರಲ್ಲೇ ಅಳಿಸಿಹೋಗುತ್ತಿತ್ತು. ಇಂಗ್ಲೆಂಡಿನ ರಾಟನ್ ಅಂಡ್ ವೇನ್‌ರೈಟ್ ಕಂಪನಿ 1906ರಲ್ಲಿ ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಪ್ಯಾನ್‌ಕ್ರೊಮ್ಯಾಟಿಕ್ ಪ್ಲೇಟು ಮಾರಿತು. ಅದರ ಬಣ್ಣದ ಫಿಲ್ಟರುಗಳೂ ಹೆಸರು ಮಾಡಿದವು. 1912ರಲ್ಲಿ ಕೊಡಕ್ ಆ ಕಂಪನಿಯನ್ನು ಕೊಂಡುಕೊಂಡರೂ ರಾಟನ್ ಹೆಸರು ಉಳಿಯಿತು: ಹಳದಿಗೆ 8, ಕೆಂಪಿಗೆ 25 ಎಂಬ ಸಂಖ್ಯೆಗಳು ಇವತ್ತಿಗೂ ಚಾಲ್ತಿಯಲ್ಲಿವೆ.

ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆಯವರಂಥ ಕರ್ನಾಟಕದ ಹಿರಿಯ ವನ್ಯಜೀವಿ ಛಾಯಾಗ್ರಾಹಕರು ಕೈ ಪಳಗಿಸಿಕೊಂಡದ್ದು ಕಪ್ಪು-ಬಿಳುಪಿನ ಕಾಲದಲ್ಲಿ. ಆಗ ಫಿಲ್ಟರ್ ಹಾಕುವುದಕ್ಕೆ ಕಣ್ಣಿಗೆ ಕಾಣುವ ಕಾರಣ ಇತ್ತು. ಆಕಾಶ ಕಪ್ಪಾಗಬೇಕು, ಮೋಡ ಎದ್ದು ಕಾಣಬೇಕು, ಎಲೆಯ ಹಸಿರು ತಿಳಿಯಾಗಬೇಕು. ಬಣ್ಣದ ಫಿಲ್ಮು ಬಂದಾಗ ಸಮಸ್ಯೆ ಬದಲಾಯಿತು. ಫಿಲ್ಮು ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನೂ ಹಿಡಿಯುತ್ತಿತ್ತು. ಬೆಟ್ಟದ ಮೇಲೆ, ದೂರದ ನೋಟದಲ್ಲಿ ಚಿತ್ರಕ್ಕೆ ನೀಲಿ ಮಸುಕು ಹತ್ತುತ್ತಿತ್ತು. ಅದನ್ನು ತಡೆಯಲು ಯುವಿ ಫಿಲ್ಟರ್, ತಿಳಿಗುಲಾಬಿಯ ಸ್ಕೈಲೈಟ್ ಫಿಲ್ಟರ್ ಬಂದವು.

ಡಿಜಿಟಲ್ ಕ್ಯಾಮೆರಾದಲ್ಲಿ ಸೆನ್ಸರಿನ ಮೇಲೆಯೇ ನೇರಳಾತೀತವನ್ನೂ ಅವಗೆಂಪನ್ನೂ ತಡೆಯುವ ಪದರ ಇದೆ. ಇಂದಿನ ಲೆನ್ಸಿನ ಗಾಜು, ಗಾಜು ಅಂಟಿಸುವ ಗೋಂದು, ಕೋಟಿಂಗು ಕೂಡ ಬಹುಪಾಲು ನೇರಳಾತೀತವನ್ನು ಒಳಗೆ ಬಿಡುವುದಿಲ್ಲ. ಅಲ್ಲಿಗೆ ಯುವಿ ಫಿಲ್ಟರಿನ ಮೂಲ ಕೆಲಸ ಮುಗಿಯಿತು. ಆದರೆ ಹುದ್ದೆ ರದ್ದಾದರೂ ಕುರ್ಚಿ ಬಿಡದ ಅಧಿಕಾರಿಯ ಹಾಗೆ ಅದು ಅಲ್ಲೇ ಕೂತಿತು. ಹೊಸ ಹುದ್ದೆಯ ಹೆಸರು ‘ರಕ್ಷಣೆ’. ಕೆಲವು ಕಂಪನಿಗಳು ಯುವಿ ಎಂಬ ನೆಪವನ್ನೂ ಬಿಟ್ಟು ‘ಪ್ರೊಟೆಕ್ಟರ್’, ‘ಕ್ಲಿಯರ್’ ಎಂದೇ ಮಾರುತ್ತವೆ. ಅದೊಂದು ಪ್ರಾಮಾಣಿಕತೆ ಎನ್ನಬೇಕು.

ಕಾವಲಿನ ಪಕ್ಷ

ಫಿಲ್ಟರ್ ಬೇಕೆನ್ನುವವರ ವಾದವನ್ನು ಅಂಗಡಿಯವರ ಲಾಭದ ಮಾತು ಎಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಫೆಬ್ರವರಿಯಿಂದ ಮಳೆ ಬೀಳುವ ತನಕ ಬಂಡೀಪುರದ ಸಫಾರಿ ರಸ್ತೆಯಲ್ಲಿ ಮುಂದಿನ ಜೀಪು ಎಬ್ಬಿಸಿದ ಕೆಂಪು ಧೂಳು ಹಿಂದಿನ ಜೀಪಿನವರ ಲೆನ್ಸಿನ ಮೇಲೆ ಬಂದು ಕೂರುತ್ತದೆ. ಹುಲಿ ಅಡ್ಡ ಬಂದ ಹೊತ್ತಿನಲ್ಲಿ ಬ್ಲೋವರ್ ಹುಡುಕುವವರು ಯಾರು? ಅಂಗಿಯ ತುದಿಯಲ್ಲಿ ಒರೆಸಿಬಿಡುತ್ತಾರೆ. ಆ ಧೂಳಿನಲ್ಲಿ ಮರಳಿನ ಕಣ ಇರುತ್ತದೆ, ಕೋಟಿಂಗಿನ ಮೇಲೆ ಗೆರೆ ಬೀಳುತ್ತದೆ. ಮಲ್ಪೆ, ಕಾರವಾರದ ಕಡಲಂಚಿನಲ್ಲಿ ಉಪ್ಪಿನ ಹನಿ ಇನ್ನೂ ಕೆಟ್ಟದು. ಫಿಲ್ಟರ್ ಇದ್ದರೆ ಅದನ್ನು ಒರೆಸಿ, ತೊಳೆದು, ಹಾಳಾದರೆ ಬಿಸಾಡಬಹುದು. ಮುಂದಿನ ಗಾಜನ್ನೇ ಬದಲಿಸುವ ಖರ್ಚಿಗೂ ಕಾಯುವಿಕೆಗೂ ಹೋಲಿಸಿದರೆ ಅದು ಅಗ್ಗ. ಇನ್ನೊಂದು ಅಂಶವೂ ಅವರ ಪರ ಇದೆ. ಮುಂದಿನ ಗಾಜು ಒಳಗೊಳಗೇ ಚಲಿಸುವ ಕೆಲವು ಲೆನ್ಸುಗಳಿಗೆ ಫಿಲ್ಟರ್ ಹಾಕಿದರೆ ಮಾತ್ರ ಧೂಳು-ನೀರಿನ ತಡೆ ಪೂರ್ಣವಾಗುತ್ತದೆ ಎಂದು ಕ್ಯಾನನ್ ಕಂಪನಿಯೇ ಹೇಳುತ್ತದೆ. ಉದ್ದ ಟೆಲಿಗಳು ಸಾಮಾನ್ಯವಾಗಿ ಆ ಜಾತಿಯವಲ್ಲ ಎಂಬುದನ್ನು ಮಾತ್ರ ನೆನಪಿಡಬೇಕು.

ಬಿದ್ದಾಗ ಕಾಪಾಡುತ್ತದೆ ಎಂಬ ಮಾತು ಇಷ್ಟು ಗಟ್ಟಿಯಲ್ಲ. ಫಿಲ್ಟರಿನ ಗಾಜು ತೆಳು, ಲೆನ್ಸಿನ ಮುಂದಿನ ಗಾಜು ದಪ್ಪ. ಅಮೆರಿಕದ ವನ್ಯಜೀವಿ ಛಾಯಾಗ್ರಾಹಕ ಸ್ಟೀವ್ ಪೆರ್ರಿ ಎರಡರ ಮೇಲೂ ತೂಕ ಬೀಳಿಸಿ ನೋಡಿದಾಗ ಫಿಲ್ಟರುಗಳು ಸಣ್ಣ ಪೆಟ್ಟಿಗೇ ಚೂರಾದವು, ಲೆನ್ಸಿನ ಗಾಜು ಒಡೆಯಲು ಅದಕ್ಕಿಂತ ಎಷ್ಟೋ ದೊಡ್ಡ ಪೆಟ್ಟು ಬೇಕಾಯಿತು. ಅಂದರೆ ‘ಫಿಲ್ಟರ್ ಒಡೆಯಿತು, ಲೆನ್ಸು ಉಳಿಯಿತು’ ಎಂಬ ಎಷ್ಟೋ ಕಥೆಗಳಲ್ಲಿ ಫಿಲ್ಟರ್ ಇಲ್ಲದಿದ್ದರೂ ಲೆನ್ಸು ಉಳಿಯುತ್ತಿತ್ತು. ಒಡೆದ ಚೂರೇ ಒಳಗಿನ ಗಾಜನ್ನು ಗೀರುವ ಅಪಾಯ ಬೇರೆ. ಪೆಟ್ಟು ತಡೆಯುವ ಕೆಲಸಕ್ಕೆ ಹುಡ್ ಮೇಲು. ಉದ್ದ ಟೆಲಿಗಳ ಹುಡ್ ಕೊಳಗದಷ್ಟಿರುತ್ತದೆ, ಬಿದ್ದರೆ ಮೊದಲು ನೆಲಕ್ಕೆ ತಾಗುವುದು ಅದರ ಅಂಚು.

ಮಲೆನಾಡಿನ ಮಳೆಗಾಲದಲ್ಲಿ ಲೆನ್ಸುಗಳನ್ನು ತಿನ್ನುವ ಫಂಗಸ್ಸಿಗಂತೂ ಫಿಲ್ಟರ್ ಅಡ್ಡಿಯೇ ಅಲ್ಲ. ಅದು ಬೆಳೆಯುವುದು ಒಳಗೆ. ಅದಕ್ಕೆ ಮದ್ದು ಒಣ ಡಬ್ಬ, ಸಿಲಿಕಾ ಜೆಲ್, ಆಗಾಗ ಬಿಸಿಲು-ಗಾಳಿ.

ಬೆಳಕಿನ ಕಂಬ ಎಷ್ಟು ದಪ್ಪ?

ಈಗ ತಕರಾರಿನ ತಿರುಳಿಗೆ ಬರೋಣ. ಮದುವೆ ಮನೆಯಲ್ಲಿ ಚಿತ್ರ ತೆಗೆಯುವವರು ‘ಫಿಲ್ಟರ್ ಹಾಕಿದರೆ ಏನೂ ಆಗುವುದಿಲ್ಲ, ನಾನು ನೋಡಿದ್ದೇನೆ’ ಎನ್ನುತ್ತಾರೆ. ಹಕ್ಕಿ ಹಿಂದೆ ಹೋಗುವವರು ‘ಹಾಕಿದರೆ ಸಾಫ್ಟ್ ಬರುತ್ತದೆ, ನಾನು ನೋಡಿದ್ದೇನೆ’ ಎನ್ನುತ್ತಾರೆ. ನನ್ನ ಮಟ್ಟಿಗೆ ಇಬ್ಬರೂ ನೋಡಿದ್ದು ನಿಜ. ಅವರು ಹೇಳುತ್ತಿರುವುದು ಎರಡು ಬೇರೆ ಬೇರೆ ಸಂಗತಿಗಳನ್ನು.

ದೂರದ ಒಂದು ಬಿಂದುವಿನಿಂದ, ಮಿಂಚುಳ್ಳಿಯ ಕಣ್ಣಿನ ಹೊಳಪು ಎನ್ನಿ, ಹೊರಟ ಬೆಳಕು ಲೆನ್ಸನ್ನು ಸೇರುವಾಗ ಒಂದು ಕಂಬವಾಗಿ ಬರುತ್ತದೆ. ಆ ಕಂಬದ ದಪ್ಪ ಫೋಕಲ್ ಲೆಂಗ್ತನ್ನು ಎಫ್ ಸಂಖ್ಯೆಯಿಂದ ಭಾಗಿಸಿದಷ್ಟು. 24 ಮಿ.ಮೀ. ಲೆನ್ಸನ್ನು ಎಫ್/8ರಲ್ಲಿ ಬಳಸಿದರೆ ಬರೀ 3 ಮಿ.ಮೀ. 500 ಮಿ.ಮೀ. ಲೆನ್ಸಿನಲ್ಲಿ ಎಫ್/5.6ಕ್ಕೆ 89 ಮಿ.ಮೀ. 600 ಎಫ್/4ಕ್ಕೆ 150 ಮಿ.ಮೀ. ಅಗಲ ಕೋನದ ಲೆನ್ಸಿನಲ್ಲಿ ಚಿತ್ರದ ಪ್ರತಿಯೊಂದು ಬಿಂದುವೂ ಫಿಲ್ಟರಿನ ಕಡಲೆಕಾಳಿಗಿಂತ ಕಿರಿದಾದ ತುಂಡೊಂದನ್ನು ಮಾತ್ರ ಬಳಸುತ್ತದೆ. ಉದ್ದ ಟೆಲಿಯಲ್ಲಿ ಪ್ರತಿ ಬಿಂದುವೂ ಇಡೀ ಫಿಲ್ಟರನ್ನು ಬಳಸುತ್ತದೆ.

ಯಾವ ಗಾಜೂ ಪೂರ್ತಿ ಚಪ್ಪಟೆಯಲ್ಲ. ಒಂದು ದಿಕ್ಕಿನಲ್ಲಿ ಅಂಚಿನ ಕಡೆಗೆ ಒಂದು ಮೈಕ್ರಾನಿನಷ್ಟು ದಪ್ಪ ಹೆಚ್ಚಿದೆ, ಇನ್ನೊಂದು ದಿಕ್ಕಿನಲ್ಲಿ ಹೆಚ್ಚಿಲ್ಲ ಎಂದು ಇಟ್ಟುಕೊಳ್ಳಿ. ತಲೆಗೂದಲಿನ ದಪ್ಪ ಐವತ್ತು-ನೂರು ಮೈಕ್ರಾನ್, ಹಾಗಾಗಿ ಇದು ಬೆರಳಿಗೂ ಕಣ್ಣಿಗೂ ಸಿಗುವ ವ್ಯತ್ಯಾಸವಲ್ಲ. ಗಾಜಿನಲ್ಲಿ ಬೆಳಕು ನಿಧಾನವಾಗುವುದರಿಂದ ಅಷ್ಟು ದಪ್ಪಕ್ಕೆ ಬೆಳಕಿನ ಅಲೆ ಸುಮಾರು ಅರ್ಧ ಮೈಕ್ರಾನ್ ಹಿಂದೆ ಬೀಳುತ್ತದೆ, ಅಂದರೆ ಹಸಿರು ಬೆಳಕಿನ ಒಂದು ತರಂಗದಷ್ಟು. 500 ಎಫ್/5.6ರ ಪೂರ್ತಿ ಅಗಲದಲ್ಲಿ ಈ ದೋಷ ಇದ್ದರೆ ಅಡ್ಡ ಗೆರೆಗಳು ಒಂದು ಕಡೆ, ಉದ್ದ ಗೆರೆಗಳು ಅಲ್ಲಿಂದ ಮಿಲಿಮೀಟರಿನ ಎಂಟನೇ ಒಂದು ಭಾಗದಷ್ಟು ದೂರದಲ್ಲಿ ಫೋಕಸ್ ಆಗುತ್ತವೆ. ನಡುವೆ ಎಲ್ಲಿ ಫೋಕಸ್ ಮಾಡಿದರೂ ಸುಮಾರು ಹನ್ನೊಂದು ಮೈಕ್ರಾನಿನ ಮಸುಕು ಉಳಿಯುತ್ತದೆ. 45 ಮೆಗಾಪಿಕ್ಸೆಲ್ ಫುಲ್ ಫ್ರೇಮ್ ಸೆನ್ಸರಿನಲ್ಲಿ ಅದು ಸುಮಾರು ಮೂರು ಪಿಕ್ಸೆಲ್. ಹಕ್ಕಿಯ ಕುತ್ತಿಗೆಯ ನವಿರು ಪುಕ್ಕ ಕರಗಿಹೋಗಲು ಅಷ್ಟು ಸಾಕು. ಒಳ್ಳೆಯ ದೃಕ್‌ಸಾಧನದಲ್ಲಿ ಅಲೆಯ ದೋಷ ಕಾಲು ತರಂಗ ಮೀರಬಾರದು ಎಂಬ ಭೌತವಿಜ್ಞಾನಿ ರೇಲೆಯ ಹತ್ತೊಂಬತ್ತನೇ ಶತಮಾನದ ಸೂತ್ರವನ್ನು ದೂರದರ್ಶಕ ಮಾಡುವವರು ಇವತ್ತಿಗೂ ಪಾಲಿಸುತ್ತಾರೆ.

ಇದೇ ಫಿಲ್ಟರನ್ನು 24 ಮಿ.ಮೀ. ಲೆನ್ಸಿಗೆ ಹಾಕಿದರೆ? ಇಂಥ ದೋಷ ಅಗಲದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. 89ರ ಜಾಗದಲ್ಲಿ 3 ಬಂದಾಗ ಅದು ಎಂಟುನೂರನೇ ಒಂದು ಪಾಲಿಗಿಂತಲೂ ಕೆಳಗೆ ಇಳಿದುಬಿಡುತ್ತದೆ. ಮದುವೆ ಮನೆಯವರ ಮಾತು ನಿಜ, ಹಕ್ಕಿಯವರ ಮಾತೂ ನಿಜ.

ಎಲ್ಲ ದೋಷವೂ ಒಂದೇ ಬಗೆಯದಲ್ಲ. ಫಿಲ್ಟರ್ ಒಂದು ಪಕ್ಕ ದಪ್ಪ, ಇನ್ನೊಂದು ಪಕ್ಕ ತೆಳು ಇದ್ದರೆ ಚಿತ್ರ ತುಸು ಪಕ್ಕಕ್ಕೆ ಜರುಗುತ್ತದೆ ಅಷ್ಟೆ, ಯಾರಿಗೂ ಗೊತ್ತಾಗುವುದಿಲ್ಲ. ಸುತ್ತಲೂ ಸಮನಾಗಿ ಬಾಗಿದ್ದರೆ ಅದೊಂದು ದುರ್ಬಲ ಕನ್ನಡಕ ಇದ್ದ ಹಾಗೆ, ಆಟೋಫೋಕಸ್ ಅದನ್ನು ಸರಿದೂಗಿಸುತ್ತದೆ. ಒಂದು ದಿಕ್ಕಿನಲ್ಲಿ ಹೀಗೆ, ಇನ್ನೊಂದು ದಿಕ್ಕಿನಲ್ಲಿ ಹಾಗೆ ಇರುವ ಡೊಂಕು, ಗಾಜಿನೊಳಗಿನ ಎಳೆ, ಅಲೆಅಲೆಯಾದ ಮೈ: ಇವಕ್ಕೆ ಮಾತ್ರ ಮದ್ದಿಲ್ಲ. ಕಿಟಕಿಗೆ ಹಾಕುವ ಫ್ಲೋಟ್ ಗಾಜನ್ನು ಕರಗಿದ ತವರದ ಮೇಲೆ ತೇಲಿಸಿ ಹಾಳೆಯಾಗಿ ಎಳೆಯುತ್ತಾರೆ. ಬ್ರಿಟನ್ನಿನ ಪಿಲ್ಕಿಂಗ್ಟನ್ ಕಂಪನಿ 1959ರಲ್ಲಿ ಲೋಕಕ್ಕೆ ತೋರಿಸಿದ ವಿಧಾನ ಅದು. ಕಿಟಕಿಗೆ ಅದು ಬಲು ಸೊಗಸು. ಆದರೆ ಅಂಥ ಹಾಳೆಯಿಂದ ಕತ್ತರಿಸಿದ ಬಿಲ್ಲೆ 89 ಮಿ.ಮೀ. ಅಗಲದಲ್ಲಿ ಕಾಲು ತರಂಗದ ಲೆಕ್ಕಕ್ಕೆ ನಿಲ್ಲುತ್ತದೆ ಎಂದು ನಂಬಲು ಕಾರಣವಿಲ್ಲ. ಎರಡೂ ಮೈಯನ್ನು ಉಜ್ಜಿ ಪಾಲಿಶ್ ಮಾಡಿದ ಗಾಜು ಬೇಕು, ಅದಕ್ಕೆ ಬೆಲೆಯೂ ಬೇಕು.

ಈ ದಪ್ಪ ಕಂಬದ ಲೆಕ್ಕ ಕಾವಲಿನ ಪಕ್ಷಕ್ಕೂ ಒಂದು ಪೆಟ್ಟು ಕೊಡುತ್ತದೆ. 89 ಮಿ.ಮೀ. ಅಗಲದ ಕಂಬದ ಅಡ್ಡಕೊಯ್ತ ಆರು ಸಾವಿರ ಚದರ ಮಿ.ಮೀ. ಮೀರುತ್ತದೆ. ಅದರಲ್ಲಿ ಒಂದೆರಡು ಚದರ ಮಿ.ಮೀ. ಗೀರು ಬಿದ್ದರೆ ಚಿತ್ರದಲ್ಲಿ ಅದನ್ನು ಹುಡುಕಿದರೂ ಸಿಗುವುದಿಲ್ಲ, ಎದುರು ಬಿಸಿಲಿನಲ್ಲಿ ಕಾಂಟ್ರಾಸ್ಟ್ ಒಂದಿಷ್ಟು ಇಳಿಯಬಹುದು. ಉದ್ದ ಲೆನ್ಸು ಗೀರನ್ನು, ಧೂಳಿನ ಕಣವನ್ನು ಕ್ಷಮಿಸುತ್ತದೆ. ಮೈಯುದ್ದಕ್ಕೂ ಹರಡಿದ ಕಾಣದ ಡೊಂಕನ್ನು ಕ್ಷಮಿಸುವುದಿಲ್ಲ. ಕಣ್ಣಿಗೆ ಕಾಣುವ ಸಣ್ಣ ಹಾನಿಗೆ ಹೆದರಿ ಕಾಣದ ದೊಡ್ಡ ಹಾನಿಯನ್ನು ನಾವೇ ತಿರುಪಿ ಕೂರಿಸುತ್ತೇವೆ.

ಹಿನ್ನೆಲೆಯ ಮಾತನ್ನೂ ಇಲ್ಲೇ ಹೇಳಬೇಕು. ಕೊಂಬೆ ಎರಡೆರಡಾಗಿ ಕಾಣುವುದು, ಹುಲ್ಲು ಗೆರೆಗೆರೆಯಾಗಿ ನೆರೆಯುವುದು, ಬೊಕೆ ಎಂಬ ಹಿನ್ನೆಲೆಯ ಮಸುಕು ಒರಟಾಗುವುದು, ಇವನ್ನೆಲ್ಲ ಫಿಲ್ಟರಿನ ತಲೆಗೆ ಕಟ್ಟುವವರಿದ್ದಾರೆ. ಈ ಆರೋಪದಲ್ಲಿ ಹುರುಳಿದೆ. ಫೋಕಸ್ ತಪ್ಪಿದ ಬೆಳಕಿನ ಬಿಲ್ಲೆ ಎಂದರೆ ಲೆನ್ಸಿನ ಬಾಯಿಯದೇ ಪಡಿಯಚ್ಚು. ಬಾಯಿಯ ಮುಂದೆ ಎಳೆ ಎಳೆಯಾದ ಗಾಜಿದ್ದರೆ ಆ ಎಳೆಗಳು ಬಿಲ್ಲೆಯ ಮೇಲೂ ಮೂಡುತ್ತವೆ.

ಅರಮನೆಯ ದೀಪ, ತಲೆಕೆಳಗಾದ ಭೂತ

ಇನ್ನೊಂದು ಪಂಥದವರು ಮಸುಕಿನ ಗೊಡವೆಗೆ ಹೋಗುವುದಿಲ್ಲ, ಅವರ ದೂರು ಪ್ರತಿಫಲನದ್ದು. ಕೋಟಿಂಗ್ ಇಲ್ಲದ ಗಾಜಿನ ಒಂದೊಂದು ಮೈ ಸುಮಾರು ಶೇ. 4ರಷ್ಟು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಎರಡು ಮೈ ಸೇರಿ ಶೇ. 8. ಒಳ್ಳೆಯ ಮಲ್ಟಿಕೋಟಿಂಗ್ ಇದನ್ನು ಒಂದು ಮೈಗೆ ಶೇ. ಅರ್ಧಕ್ಕೂ ಕೆಳಗೆ ಇಳಿಸುತ್ತದೆ. ಬೆಳಕು ಕಡಿಮೆಯಾಗುವುದು ಇಲ್ಲಿ ದೊಡ್ಡ ನಷ್ಟವಲ್ಲ. ಹಿಂದಕ್ಕೆ ಹೋದ ಬೆಳಕು ಮತ್ತೆ ಎಲ್ಲಿಗೆ ಬರುತ್ತದೆ ಎಂಬುದೇ ತೊಂದರೆ.

ಭಾನುವಾರ ಸಂಜೆ ಮೈಸೂರು ಅರಮನೆಗೆ ಲಕ್ಷದ ಹತ್ತಿರ ಬಲ್ಬು ಹೊತ್ತಿದಾಗ ಚಾಮುಂಡಿ ಬೆಟ್ಟದ ಮೇಲಿಂದ ಟೆಲಿ ಹಿಡಿಯುವವರು ಇದನ್ನು ನೋಡಬಹುದು. ಬಲ್ಬಿನ ಬೆಳಕು ಸೆನ್ಸರಿಗೆ ಬೀಳುತ್ತದೆ. ಸೆನ್ಸರಿನ ಮೈಯೂ ಹೊಳಪಿನದೇ ಆದ್ದರಿಂದ ಒಂದು ಪಾಲು ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಲೆನ್ಸಿನಿಂದ ಹೊರಬೀಳುವಷ್ಟರಲ್ಲಿ ಚಪ್ಪಟೆ ಫಿಲ್ಟರ್ ಅದಕ್ಕೆ ಕನ್ನಡಿಯಾಗುತ್ತದೆ. ಮತ್ತೆ ಒಳಗೆ ಬಂದ ಬೆಳಕು ಚಿತ್ರದ ನಡುಬಿಂದುವಿನ ಆಚೆ ಬದಿಯಲ್ಲಿ ಸ್ಪಷ್ಟವಾಗಿ ಫೋಕಸ್ ಆಗುತ್ತದೆ. ಫಲ: ಕಪ್ಪು ಆಕಾಶದಲ್ಲಿ ತಲೆಕೆಳಗಾದ ಮಂಕು ಅರಮನೆ. ಹುಣ್ಣಿಮೆ ಚಂದ್ರನನ್ನು ಚೌಕಟ್ಟಿನ ಮೂಲೆಯಲ್ಲಿಟ್ಟರೂ ಎದುರು ಮೂಲೆಯಲ್ಲಿ ಇನ್ನೊಂದು ಸಣಕಲು ಚಂದ್ರ ಹುಟ್ಟುತ್ತಾನೆ.

ಲೆನ್ಸು ತಯಾರಿಸುವವರಿಗೆ ಇದು ಚೆನ್ನಾಗಿ ಗೊತ್ತು. ನಿಕಾನಿನ ಹಲವು ದೊಡ್ಡ ಟೆಲಿಗಳ ಮುಂದೆ ಕಂಪನಿಯೇ ಕೂರಿಸಿದ ರಕ್ಷಣಾ ಗಾಜು ಇದೆ. ಅದು ಚಪ್ಪಟೆಯಲ್ಲ, ತುಸು ಬಾಗಿದ್ದು. ಬಾಗಿದ ಮೈಯಿಂದ ಹಿಂದಿರುಗಿದ ಬೆಳಕು ಒಂದೆಡೆ ಕೂಡದೆ ಚದುರಿಹೋಗುತ್ತದೆ, ಭೂತ ಕಾಣಿಸುವುದಿಲ್ಲ. ಕ್ಯಾನನ್ ಮೊದಲು ಇಂಥ ಗಾಜನ್ನೇ ಇಟ್ಟು, ಎರಡನೇ ತಲೆಮಾರಿನ ದೊಡ್ಡ ಬಿಳಿ ಲೆನ್ಸುಗಳಲ್ಲಿ ತೂಕ ಇಳಿಸಲು ಅದನ್ನು ಕೈಬಿಟ್ಟಿತು. ಒಂದೇ ಪ್ರಶ್ನೆಗೆ ಎರಡು ದೊಡ್ಡ ಕಂಪನಿಗಳು ಎರಡು ಉತ್ತರ ಕೊಟ್ಟಿರುವಾಗ ಕೆರೆ ಏರಿಯ ಮೇಲಿನವರು ಒಮ್ಮತಕ್ಕೆ ಬರಲಿಲ್ಲವೆಂದು ಬೇಸರಿಸುವುದೇಕೆ?

ಹಗಲಿನ ಹಕ್ಕಿ ಚಿತ್ರಕ್ಕೆ ಈ ಭೂತ ಅಪರೂಪದ ಅತಿಥಿ. ಬೆಳ್ಳಂಬೆಳಗ್ಗೆ ಸೂರ್ಯನಿಗೆ ಎದುರಾಗಿ ಹೆಜ್ಜಾರ್ಲೆಯ ನೆರಳುಚಿತ್ರ ತೆಗೆಯುವವರು ಮಾತ್ರ ಎಚ್ಚರವಾಗಿರಬೇಕು.

ಹಿಂಬಾಗಿಲ ಗಾಜು

500 ಎಫ್/4, 600 ಎಫ್/4ರಂಥ ಲೆನ್ಸುಗಳ ಮುಂದೆ ಫಿಲ್ಟರಿಗೆ ತಿರುಪಿನ ಜಾಗವೇ ಇರುವುದಿಲ್ಲ. ಅಷ್ಟಗಲದ ಒಳ್ಳೆಯ ಗಾಜು ಮಾಡುವುದು ಕಷ್ಟ, ಮಾಡಿದರೂ ಕೊಳ್ಳುವವರಿಲ್ಲ. ಅವುಗಳ ಫಿಲ್ಟರ್ ಕ್ಯಾಮೆರಾದ ಬಳಿ, ಲೆನ್ಸಿನ ಬಾಲದಲ್ಲಿ, ಪುಟ್ಟ ಡ್ರಾಯರಿನೊಳಗೆ ಕೂರುತ್ತದೆ. ಕ್ಯಾನನಿನಲ್ಲಿ 52 ಮಿ.ಮೀ., ಸೋನಿಯಲ್ಲಿ 40.5 ಮಿ.ಮೀ., ನಿಕಾನಿನ ಹೊಸವುಗಳಲ್ಲಿ 46 ಮಿ.ಮೀ.

ಅಲ್ಲಿ ಬೆಳಕಿನ ಕಂಬ ಆಗಲೇ ಶಂಕುವಾಗಿ ಕಿರಿದಾಗಿರುತ್ತದೆ. ಅದರಿಂದ ಮೈಯ ಡೊಂಕು ಅಷ್ಟಾಗಿ ಬಾಧಿಸದು. ಬದಲಿಗೆ ಇನ್ನೊಂದು ಪರಿಣಾಮ ಇದೆ. ಕೂಡುತ್ತಿರುವ ಕಿರಣಗಳ ನಡುವೆ ಗಾಜು ಇಟ್ಟರೆ ಫೋಕಸ್ ಅದರ ದಪ್ಪದ ಮೂರನೇ ಒಂದು ಪಾಲಿನಷ್ಟು ಹಿಂದೆ ಸರಿಯುತ್ತದೆ. 2 ಮಿ.ಮೀ. ಗಾಜಿಗೆ ಸುಮಾರು 0.67 ಮಿ.ಮೀ. ಲೆನ್ಸಿನ ವಿನ್ಯಾಸವೇ ಈ ಗಾಜನ್ನು ಲೆಕ್ಕಕ್ಕೆ ತೆಗೆದುಕೊಂಡು ಆಗಿರುತ್ತದೆ. ‘ಫಿಲ್ಟರ್ ಬೇಡ’ ಎಂದು ಹಟ ಹಿಡಿದವರು ಈ ಡ್ರಾಯರನ್ನು ಖಾಲಿ ಮಾಡಿದರೆ ಎಡವುತ್ತಾರೆ: ಇಲ್ಲಿ ಫಿಲ್ಟರ್ ಲೆನ್ಸಿನದೇ ಅಂಗ. ನಿಕಾನಿನ ಹಳೆಯ 500 ಎಫ್/8 ಕನ್ನಡಿ ಲೆನ್ಸಿನ ಹಿಂದಿನ 39 ಮಿ.ಮೀ. ಫಿಲ್ಟರಿಗೂ ಇದೇ ನಿಯಮ, ಬಣ್ಣದ್ದು ತೆಗೆದರೆ ಬಿಳಿಯದನ್ನು ಹಾಕಲೇಬೇಕು.

ಸಿಪಿಎಲ್ ಎಂಬ ಬೇರೆ ಕಥೆ

ಸಿಪಿಎಲ್, ಅಂದರೆ ಪೋಲರೈಸರ್, ಹಾಕುವವರನ್ನು ಕಾರಣ ಕೇಳಬೇಕಿಲ್ಲ. ನೀರಿನ ಮೇಲಿನ ಹೊಳಪು, ಒದ್ದೆ ಎಲೆಯ ಬಿಳಿಚು ಪ್ರತಿಫಲನ ತೆಗೆಯುವ ಕೆಲಸವನ್ನು ಆಮೇಲೆ ಕಂಪ್ಯೂಟರಿನಲ್ಲಿ ಮಾಡಲಾಗದು. ಬೆಲೆ ಎಂದರೆ ಒಂದೂವರೆ ಸ್ಟಾಪಿನ ಆಸುಪಾಸು ಬೆಳಕು. ಎಫ್/6.3 ಜೂಮಿನಲ್ಲಿ ಹಾರುವ ನದಿ ರೀವಕ್ಕೆ 1/2000 ಸೆಕೆಂಡು ಹುಡುಕುತ್ತಿರುವವರಿಗೆ ಅದು ದುಬಾರಿ. ಸಾಲದ್ದಕ್ಕೆ ಇದು ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ ಸ್ಯಾಂಡ್‌ವಿಚ್, ಡೊಂಕಿಗೆ ಅವಕಾಶ ಇನ್ನೂ ಹೆಚ್ಚು. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಗೆ ಹಾಕಿ, ಹಕ್ಕಿಗೆ ಬಿಚ್ಚಿ.

ಫಿಲ್ಟರಿನ ಮೇಲೆ ಹೊರಿಸಿದ ಪರರ ತಪ್ಪು

ಫಿಲ್ಟರ್ ವಿರೋಧಿಗಳ ದೂರುಗಳಲ್ಲಿ ಒಂದು ದೊಡ್ಡ ಪಾಲು ಫಿಲ್ಟರಿನ ತಪ್ಪೇ ಅಲ್ಲ ಎನ್ನುವ ಮೂರನೇ ಪಕ್ಷವೊಂದಿದೆ. ನನ್ನ ಒಲವು ಅರ್ಧ ಇವರ ಕಡೆಗಿದೆ. ಮಾರ್ಚ್-ಏಪ್ರಿಲ್‌ನಲ್ಲಿ ಬೆಳಗಿನ ಹತ್ತು ಗಂಟೆ ದಾಟಿದ ಮೇಲೆ ಬಯಲಿನ ಮೇಲಿನ ಗಾಳಿ ಬಿಸಿಯೇರಿ ಕುಣಿಯುತ್ತದೆ. ಅದು ಕೂಡ ಡೊಂಕು ಗಾಜೇ. ಇನ್ನೂರು ಅಡಿ ದೂರದ ಬಣ್ಣದ ಕೊಕ್ಕರೆ ಫಿಲ್ಟರ್ ಇದ್ದರೂ ಮಸುಕು, ಇಲ್ಲದಿದ್ದರೂ ಮಸುಕು. ತಂಪು ಕಾರಿನ ಕಿಟಕಿ ಇಳಿಸಿ ಬಿಸಿಲಿಗೆ ಲೆನ್ಸು ಚಾಚಿದರೆ ತಂಪು-ಬಿಸಿ ಗಾಳಿ ಬೆರೆಯುವುದು ಹುಡ್ಡಿನ ಮುಂದೆಯೇ. ಕಡಿಮೆ ಶಟರ್ ವೇಗ, ದೋಣಿಯ ಅಲುಗಾಟ, ಕಣ್ಣಿನ ಬದಲು ರೆಕ್ಕೆಯ ಮೇಲೆ ಕೂತ ಫೋಕಸ್, ಎಲ್ಲಕ್ಕೂ ಕೈಗೆ ಸಿಗುವ ಆರೋಪಿ ಮುಂದಿನ ಗಾಜು. ಬಿಚ್ಚಿದ ಮೇಲೆ ತೆಗೆದ ಚಿತ್ರ ಚೆನ್ನಾಗಿ ಬಂದರೆ ತೀರ್ಪು ಆಗಿಹೋಯಿತು. ಆ ಹೊತ್ತಿಗೆ ಮೋಡ ಕವಿದು ಗಾಳಿ ತಣ್ಣಗಾಗಿತ್ತೇ ಎಂದು ಕೇಳುವವರಿಲ್ಲ.

ಅರ್ಧ ಮಾತ್ರ ಎಂದೆ. ಗಾಳಿಯ ತಪ್ಪು ಇದೆ ಎಂದಾಕ್ಷಣ ಗಾಜು ನಿರಪರಾಧಿಯಾಗುವುದಿಲ್ಲ.

ಅಳೆದು ನೋಡಿದವರು

ಅಮೆರಿಕದ ಲೆನ್ಸ್‌ರೆಂಟಲ್ಸ್ ಎಂಬ ಬಾಡಿಗೆ ಸಂಸ್ಥೆಯ ರೋಜರ್ ಸಿಕಾಲಾ ಒಮ್ಮೆ 300 ಮಿ.ಮೀ. ಲೆನ್ಸಿನ ಮುಂದೆ ಐವತ್ತು ಯುವಿ ಫಿಲ್ಟರುಗಳನ್ನು ಪೇರಿಸಿ ಚಿತ್ರ ತೆಗೆದರು. ತಮಾಷೆಯ ಪ್ರಯೋಗ, ಆದರೆ ಒಂದೊಂದು ಗಾಜಿನ ಕಾಣದ ಪಾಪ ಒಟ್ಟುಗೂಡಿದರೆ ಹೇಗಿರುತ್ತದೆ ಎಂದು ತೋರಿಸಿತು. 2017ರಲ್ಲಿ ಅವರು ಗಂಭೀರವಾಗಿ ಹಲವು ಪ್ರಮುಖ ಕಂಪನಿಗಳ ಫಿಲ್ಟರುಗಳನ್ನು ಬೆಳಕು ಹಾಯಿಸುವ ಪ್ರಮಾಣದ ಮೇಲೆ ಸಾಲಾಗಿ ನಿಲ್ಲಿಸಿದರು. ಬೆಳಕು ಹಾಯಿಸುವುದರಲ್ಲಿ ಮುಂದಿರುವ ಫಿಲ್ಟರ್ 89 ಮಿ.ಮೀ. ಅಗಲಕ್ಕೆ ಚಪ್ಪಟೆಯಾಗಿದೆ ಎಂದು ಅದರಿಂದ ತೀರ್ಮಾನಿಸುವಂತಿಲ್ಲ, ಅವೆರಡೂ ಬೇರೆ ಗುಣ.

ನಮ್ಮಲ್ಲಿ ಅಂಥ ಅಳತೆಯ ಯಂತ್ರಗಳಿಲ್ಲದಿದ್ದರೂ ದಾರಿ ಇದೆ. ಅಂಗಡಿಯಲ್ಲೇ ಫಿಲ್ಟರನ್ನು ಓರೆಯಾಗಿ ಹಿಡಿದು ಟ್ಯೂಬ್‌ಲೈಟಿನ ಪ್ರತಿಬಿಂಬ ನೋಡಿ. ಬಿಂಬ ಬೆಳ್ಳಗೆ ಢಾಳಾಗಿದ್ದರೆ ಕೋಟಿಂಗ್ ಇಲ್ಲ, ಮಂಕಾದ ಹಸಿರೋ ನೇರಳೆಯೋ ಆಗಿದ್ದರೆ ಇದೆ. ಫಿಲ್ಟರ್ ಅಲುಗಿಸಿದಾಗ ನೆಟ್ಟಗಿನ ಟ್ಯೂಬ್ ಹಾವಿನಂತೆ ಹೊರಳಿದರೆ ಅಲ್ಲೇ ಬಿಟ್ಟು ಬನ್ನಿ.

ಖಗೋಳ ಹವ್ಯಾಸಿಗಳಿಂದ ಕಡ ತಂದ ಪರೀಕ್ಷೆ ಇದಕ್ಕಿಂತ ಸೂಕ್ಷ್ಮ. ರಾತ್ರಿ ತಂಪಾದ ಮೇಲೆ ಟ್ರೈಪಾಡ್ ಹಾಕಿ, ದೂರದ ಒಂಟಿ ದೀಪಕ್ಕೆ ಟೆಲಿ ತಿರುಗಿಸಿ, ಅಪರ್ಚರ್ ಪೂರ್ತಿ ತೆರೆದು, ಕೈಯಿಂದ ಫೋಕಸ್ ಸ್ವಲ್ಪ ತಪ್ಪಿಸಿ. ದೀಪ ಒಂದು ಬಿಲ್ಲೆಯಾಗುತ್ತದೆ. ಫಿಲ್ಟರ್ ಇಲ್ಲದೆ ಒಂದು ಚಿತ್ರ, ಹಾಕಿ ಒಂದು ಚಿತ್ರ. ದುಂಡಗಿನ ಬಿಲ್ಲೆ ಮೊಟ್ಟೆಯಾಗಿದ್ದರೆ, ಅದರಲ್ಲಿ ಎಳೆಗಳೆದ್ದಿದ್ದರೆ ಕಾರಣ ಫಿಲ್ಟರೇ. ಫಿಲ್ಟರನ್ನು ಕಾಲು ಸುತ್ತು ತಿರುಗಿಸಿ ಮತ್ತೆ ನೋಡಿ: ವಿಕಾರವೂ ಜೊತೆಗೇ ತಿರುಗಿದರೆ ಅನುಮಾನವೇ ಬೇಡ.

ಮೂರನೆಯದು ಬೆಳಗಿನ ಕೆಲಸ. ಬಿಸಿಲೇರುವ ಮುಂಚೆ, ಹದಿನೈದು-ಇಪ್ಪತ್ತು ಮೀಟರ್ ದೂರದ ಗೋಡೆಗೆ ದಿನಪತ್ರಿಕೆಯ ಜಾಹೀರಾತು ಪುಟ ಅಂಟಿಸಿ. ಫಿಲ್ಟರ್ ಹಾಕಿ ಹತ್ತು, ತೆಗೆದು ಹತ್ತು ಚಿತ್ರ, ಪ್ರತಿಯೊಂದಕ್ಕೂ ಹೊಸದಾಗಿ ಫೋಕಸ್. ಒಂದೊಂದೇ ಚಿತ್ರ ಹೋಲಿಸಿದರೆ ಫೋಕಸಿನ ಏರುಪೇರನ್ನು ಫಿಲ್ಟರಿನ ಖಾತೆಗೆ ಬರೆಯುವ ಅಪಾಯ ಇದೆ. ಹತ್ತರಲ್ಲಿ ಅತ್ಯುತ್ತಮವಾದ ಎರಡನ್ನು ಅತ್ತ ಎರಡರ ಜೊತೆ ಇಟ್ಟು ನೋಡಿ.

ಇನ್ನೂ ಇತ್ಯರ್ಥವಾಗದ್ದು

ಉದ್ದ ಟೆಲಿಯ ಮುಂದೆ ಸಾಧಾರಣ ಫಿಲ್ಟರ್ ಚಿತ್ರ ಕೆಡಿಸಬಲ್ಲದು ಎಂಬುದರಲ್ಲಿ ಈಗ ಗಂಭೀರ ಭಿನ್ನಮತ ಉಳಿದಿಲ್ಲ. ಅತ್ಯುತ್ತಮ ಫಿಲ್ಟರ್ ಕೆಡಿಸುತ್ತದೆಯೇ ಎಂಬುದು ಉಳಿದಿದೆ. ಫಿಲ್ಟರಿನ ಡಬ್ಬದ ಮೇಲೆ ಕೋಟಿಂಗಿನ ಪದರ, ಬೆಳಕು ಹಾಯುವ ಶೇಕಡಾವಾರು, ಉಂಗುರದ ಲೋಹ ಎಲ್ಲ ಅಚ್ಚಾಗಿರುತ್ತದೆ. ಟೆಲಿಯವರಿಗೆ ಬೇಕಾದ ಒಂದೇ ಒಂದು ಸಂಖ್ಯೆ, ಪೂರ್ತಿ ಅಗಲದಲ್ಲಿ ಅಲೆಯ ದೋಷ ಎಷ್ಟು ಎಂಬುದು, ಸಾಮಾನ್ಯವಾಗಿ ಇರುವುದಿಲ್ಲ. ದೂರದರ್ಶಕದ ಕನ್ನಡಿಗೆ ಅದನ್ನು ಕೇಳಿ ಕೊಳ್ಳುವ ರೂಢಿ ಇದೆ, ಫಿಲ್ಟರಿಗೆ ಇಲ್ಲ. ಅದು ಬರುವವರೆಗೆ ಒಂದೇ ಕಂಪನಿಯ ಒಂದೇ ಮಾದರಿಯ ಎರಡು ಬಿಲ್ಲೆಗಳ ನಡುವಿನ ವ್ಯತ್ಯಾಸವೂ ಊಹೆಯೇ.

ಆಟೋಫೋಕಸಿನ ಮೇಲಿನ ಪರಿಣಾಮವೂ ಬಗೆಹರಿದಿಲ್ಲ. ಹಳೆಯ ಡಿಎಸ್ಎಲ್ಆರ್‌ಗಳು ಲೆನ್ಸಿನ ಬಾಯಿಯ ಎರಡು ಅಂಚುಗಳಿಂದ ಬಂದ ಬೆಳಕನ್ನು ಬೇರೆಯೇ ಸೆನ್ಸರಿನಲ್ಲಿ ಹೋಲಿಸಿ ಫೋಕಸ್ ನಿರ್ಧರಿಸುತ್ತಿದ್ದವು. ಫಿಲ್ಟರಿನ ಆ ಎರಡು ಜಾಗ ಬೇರೆ ಬೇರೆಯಾಗಿ ಡೊಂಕಾಗಿದ್ದರೆ ಕ್ಯಾಮೆರಾ ಮೋಸ ಹೋಗುವುದು ಸಾಧ್ಯ. ಕ್ಯಾನನಿನ ಹಳೆಯ 100-400 ಜೂಮು ಫಿಲ್ಟರ್ ಹಾಕಿದರೆ 400ರಲ್ಲಿ ಸಾಫ್ಟ್ ಎಂದು ಬಂದ ಪ್ರಸಿದ್ಧ ದೂರುಗಳಲ್ಲಿ ಎಷ್ಟು ಗಾಜಿನ ಮಸುಕು, ಎಷ್ಟು ತಪ್ಪಿದ ಫೋಕಸ್ ಎಂದು ಬೇರ್ಪಡಿಸಿ ಹೇಳುವುದು ಈಗ ಕಷ್ಟ. ಚಿತ್ರ ಹಿಡಿಯುವ ಸೆನ್ಸರಿನಲ್ಲೇ ಫೋಕಸ್ ನೋಡುವ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಈ ತೊಂದರೆ ಕಡಿಮೆ ಇರಬೇಕು. ಇನ್ನೊಂದೆಡೆ ಅವುಗಳ ಪಿಕ್ಸೆಲ್ ಸಣ್ಣದಾದಷ್ಟೂ ಗಾಜಿನ ಡೊಂಕು ದೊಡ್ಡದಾಗಿ ಕಾಣುತ್ತದೆ. ಜೊತೆಗೆ, ಮಸುಕನ್ನು ಒರೆಸಿ ಪುಕ್ಕ ಬರೆದುಕೊಡುವ ತಂತ್ರಾಂಶಗಳು ಬಂದಿರುವುದರಿಂದ ಎಷ್ಟೋ ಜನರಿಗೆ ತಮ್ಮ ಫಿಲ್ಟರಿನ ತಪ್ಪು ಗೊತ್ತೇ ಆಗದೆ ಹೋಗಬಹುದು.

ರಕ್ಷಣೆಯ ಲೆಕ್ಕವಂತೂ ತೆರೆದೇ ಇದೆ. ಫಿಲ್ಟರ್ ಎಷ್ಟು ಲೆನ್ಸು ಉಳಿಸಿತು ಎಂದು ತಿಳಿಯಲು, ಅದು ಇಲ್ಲದಿದ್ದರೆ ಏನಾಗುತ್ತಿತ್ತು ಎಂಬುದು ಗೊತ್ತಿರಬೇಕು. ಬಿದ್ದ ಲೆನ್ಸನ್ನು ಎರಡು ಸಲ ಅದೇ ರೀತಿ ಬೀಳಿಸಿ ನೋಡಲು ಯಾರೂ ಒಪ್ಪುವುದಿಲ್ಲ.

ಸದ್ಯಕ್ಕೆ ನನ್ನ ತೀರ್ಪು ಇಷ್ಟು: 300 ಮಿ.ಮೀ. ದಾಟಿದ ಲೆನ್ಸಿಗೆ ಹುಡ್ ಯಾವಾಗಲೂ, ಮುಂದಿನ ಫಿಲ್ಟರ್ ಧೂಳು ಮತ್ತು ಉಪ್ಪುಗಾಳಿಯ ದಿನಗಳಲ್ಲಿ ಮಾತ್ರ, ಬಾಲದ ಡ್ರಾಯರಿನ ಗಾಜು ಎಂದೂ ತೆಗೆಯಕೂಡದು. ನಿಮ್ಮ ಬಳಿ ಈಗಾಗಲೇ 95 ಮಿ.ಮೀ. ಫಿಲ್ಟರ್ ಇದ್ದರೆ ನನ್ನ ಮಾತು ಕೇಳಿ ಬಿಸಾಡಬೇಡಿ. ಇವತ್ತು ರಾತ್ರಿಯೇ ದೂರದ ಒಂದು ಬೀದಿದೀಪದ ಮೇಲೆ ಅದನ್ನು ಪರೀಕ್ಷಿಸಿ.